ಹಲ್ಲು ಜುಮ್ ಎಂದರೆ ತಾತ್ಸಾರ ಬೇಡ: ಹಾಲಿನಿಂದಲೂ ಬಂದಿದೆ ಮದ್ದು



ಈ ಪುಟದಲ್ಲಿ ಸಾಮಾನ್ಯವಾಗಿ ಕೆಚ್ಚಲು ಬಾವು, ಕಾಲು-ಬಾಯಿ ಜ್ವರ, ಗರ್ಭ ನಿಲ್ಲದ ಹಸು, ಇಂಥ ವಿಷಯಗಳಿರುತ್ತವೆ. ಈ ಸಲ ವಿಷಯ ದನಕರುಗಳದ್ದಲ್ಲ, ನಿಮ್ಮದು. ನಿಮ್ಮ ಹಲ್ಲಿನದು. ದನದ ಡಾಕ್ಟರಿಗೆ ಮನುಷ್ಯರ ಹಲ್ಲಿನ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ.

ಒಂದು, ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಊರುಗಳಲ್ಲಿ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಓಡಾಡುವಾಗ ಕಿವಿಗೆ ಬೀಳುವ ಮಾತು: "ತಣ್ಣಂದು ಕುಡ್ಯಾಕ ಆಗಂಗಿಲ್ರೀ ಡಾಕ್ಟ್ರ, ಹಲ್ಲು ಜುಮ್ ಅಂತಾವ." ಹಸುವಿನ ಮೊಲೆ ಬಾತರೆ ರಾತ್ರಿ ಹನ್ನೊಂದಕ್ಕೂ ಫೋನ್ ಮಾಡುವ ನೀವು, ನಿಮ್ಮ ಹಲ್ಲನ್ನು ಮಾತ್ರ ವರ್ಷಗಟ್ಟಲೆ ಹಾಗೇ ಬಿಟ್ಟಿರುತ್ತೀರಿ. ಎರಡು, ಈ ಜುಮ್ಮೆನ್ನುವುದಕ್ಕೂ ಸವೆದ ಹಲ್ಲಿಗೂ ಈಗ ಬಂದಿರುವ ಹೊಸ ಮದ್ದುಗಳಲ್ಲಿ ಒಂದು ಹುಟ್ಟಿದ್ದು ಹಾಲಿನಿಂದ. ನೀವು ದಿನಾ ಎರಡು ಹೊತ್ತು ಡೇರಿಗೆ ಹಾಕುವ ಅದೇ ಹಾಲಿನಿಂದ. ಆ ಸುದ್ದಿಯನ್ನು ನಿಮಗೆ ಹೇಳದೆ ಇನ್ಯಾರಿಗೆ ಹೇಳುವುದು?

ಹಲ್ಲಿನ ಚಿಕಿತ್ಸೆ ಮಾಡುವುದು ದಂತವೈದ್ಯರ ಕೆಲಸ. ಹಲ್ಲು ಯಾಕೆ ಹಾಗಾಗುತ್ತದೆ, ಯಾವ ಮದ್ದು ಹೇಗೆ ಕೆಲಸ ಮಾಡುತ್ತದೆ, ಯಾವಾಗ ಅವರ ಬಳಿ ಹೋಗಬೇಕು ಎಂಬುದನ್ನು ತಿಳಿಸುವುದಷ್ಟೇ ಇಲ್ಲಿನ ಉದ್ದೇಶ.

ಹಲ್ಲು ಜುಮ್ಮೆನ್ನುವುದು ಯಾಕೆ?

ಹಲ್ಲಿನ ಮೇಲೆ ಬಿಳಿಯ ಗಟ್ಟಿ ಹೊದಿಕೆ ಇದೆ. ಅದರ ಹೆಸರು ಎನಾಮಲ್. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇನ್ನೊಂದಿಲ್ಲ. ತೂಕದಲ್ಲಿ ನೂರಕ್ಕೆ 96 ಪಾಲು ಅದು ಖನಿಜವೇ, ಮುಖ್ಯವಾಗಿ ಕ್ಯಾಲ್ಸಿಯಂ ಮತ್ತು ರಂಜಕ. ಆದರೆ ಅದರಲ್ಲಿ ಜೀವಕೋಶ ಇಲ್ಲ. ಗಾಯವಾದರೆ ಚರ್ಮ ಕೂಡಿಕೊಳ್ಳುತ್ತದೆ, ಮುರಿದ ಎಲುಬು ಬೆಸೆಯುತ್ತದೆ. ಎನಾಮಲ್ ಒಮ್ಮೆ ಸವೆದು ಹೋದರೆ ಮತ್ತೆ ಬೆಳೆಯುವುದಿಲ್ಲ.

ಎನಾಮಲ್‌ನ ಕೆಳಗಿರುವ ಪದರಕ್ಕೆ ಡೆಂಟಿನ್ ಎನ್ನುತ್ತಾರೆ. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳಿವೆ, ಒಂದು ಚದರ ಮಿಲಿಮೀಟರಿನಲ್ಲೇ ಸಾವಿರಾರು. ಆ ಕೊಳವೆಗಳಲ್ಲಿ ದ್ರವ ತುಂಬಿರುತ್ತದೆ, ಒಳಗೆ ಹಲ್ಲಿನ ನರದವರೆಗೆ ದಾರಿ ಇರುತ್ತದೆ. ಎನಾಮಲ್ ಸವೆದರೆ, ಇಲ್ಲವೇ ಒಸಡು ಕೆಳಗೆ ಸರಿದು ಹಲ್ಲಿನ ಬೇರು ಬಯಲಾದರೆ, ಈ ಕೊಳವೆಗಳ ಬಾಯಿ ತೆರೆಯುತ್ತದೆ. ತಣ್ಣೀರು, ಬಿಸಿ ಚಹಾ, ಹುಳಿ, ಸಿಹಿ, ಚಳಿಗಾಳಿ, ಯಾವುದು ತಾಕಿದರೂ ಒಳಗಿನ ದ್ರವ ಅಲುಗುತ್ತದೆ, ನರಕ್ಕೆ ಚುರುಕು ಮುಟ್ಟುತ್ತದೆ. ಅದೇ ಈ ಜುಮ್ಮೆನ್ನುವುದು.

ನಿಮಗೆ ಗೊತ್ತಿರುವ ಹೋಲಿಕೆ ಕೊಡುವುದಾದರೆ: ಹಾಲು ಕರೆದ ಮೇಲೆ ಮೊಲೆತೊಟ್ಟಿನ ರಂಧ್ರ ಅರ್ಧ ತಾಸಾದರೂ ತೆರೆದೇ ಇರುತ್ತದೆ. ಅದಕ್ಕೇ ತೊಟ್ಟನ್ನು ಔಷಧದಲ್ಲಿ ಅದ್ದಿ, ಹಸು ಕೂಡಲೇ ಮಲಗದಂತೆ ಮುಂದೆ ಮೇವು ಹಾಕಿ ಎಂದು ನಾವು ಹೇಳುವುದು. ತೆರೆದ ಬಾಯಿ ಮುಚ್ಚುವ ತನಕ ಕಾಯಬೇಕು. ಹಲ್ಲಿನ ಕೊಳವೆಗಳ ವಿಷಯದಲ್ಲೂ ಕೆಲಸ ಅದೇ, ತೆರೆದ ಬಾಯಿಯನ್ನು ಮುಚ್ಚುವುದು.

ದನದ ಬಾಯಿ, ನಮ್ಮ ಬಾಯಿ

ಹಾವೇರಿ ಸಂತೆಯಲ್ಲಿ ಹೋರಿ ಕೊಳ್ಳುವಾಗ ಮೊದಲು ನೋಡುವುದು ಬಾಯಿಯನ್ನೇ. ಎರಡು ಹಲ್ಲಾಗಿದ್ದರೆ ಸುಮಾರು ಎರಡು ವರ್ಷ, ಎಂಟೂ ಹಲ್ಲು ಬಂದು ಬಾಯಿ ಕೂಡಿದ್ದರೆ ನಾಲ್ಕರ ಆಸುಪಾಸು ಎಂದು ನೀವೇ ಲೆಕ್ಕ ಹೇಳುತ್ತೀರಿ. ಗೋವಿನಜೋಳದ ಸೊಪ್ಪೆ, ಜೋಳದ ಕಣಿಕೆ, ಹುಲ್ಲು ಎಲ್ಲವನ್ನೂ ದಿನಕ್ಕೆ ತಾಸುಗಟ್ಟಲೆ ಮೆಲುಕು ಹಾಕುವ ಹಸುವಿಗೆ ಹಲ್ಲು ಜುಮ್ಮೆನ್ನುವುದಿಲ್ಲವೇ?

ಹಸುವಿನ ದವಡೆ ಹಲ್ಲು ಬಹಳ ಎತ್ತರದ್ದು, ಅದರ ಬಹುಪಾಲು ದವಡೆಯೊಳಗೆ ಹುದುಗಿರುತ್ತದೆ. ಮೇಲೆ ಸವೆದಂತೆ ಕೆಳಗಿನಿಂದ ಮೆಲ್ಲಗೆ ಮೇಲೆ ಬರುತ್ತದೆ. ಜೊತೆಗೆ ಹಸುವಿನ ಬಾಯಲ್ಲಿ ದಿನಕ್ಕೆ ನೂರು ಲೀಟರಿಗೂ ಮೀರಿ ಜೊಲ್ಲು ಸುರಿಯುತ್ತದೆ. ಅಡುಗೆ ಸೋಡಾದಲ್ಲಿರುವಂಥ ಕ್ಷಾರ ಆ ಜೊಲ್ಲಿನಲ್ಲಿದೆ, ಹುಳಿಯನ್ನು ಅದು ಕೊಲ್ಲುತ್ತದೆ. ನಮ್ಮ ಹಲ್ಲು ಹಾಗೆ ಮೇಲೆ ಬರುವುದಿಲ್ಲ. ನಮ್ಮ ಜೊಲ್ಲೂ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಮಾತ್ರ.

ಆದರೂ ಆ ಜೊಲ್ಲೇ ನಮ್ಮ ಹಲ್ಲಿನ ಮೊದಲ ಡಾಕ್ಟರ್. ಅದರಲ್ಲಿ ಕ್ಯಾಲ್ಸಿಯಂ, ರಂಜಕ ಕರಗಿರುತ್ತವೆ. ನೀವು ಸಕ್ಕರೆ ಹಾಕಿದ ಚಹಾ ಕುಡಿದಾಗ ಬಾಯಿಯ ಸೂಕ್ಷ್ಮಾಣುಗಳು ಸಕ್ಕರೆ ತಿಂದು ಹುಳಿ ಬಿಡುತ್ತವೆ. ಹುಳಿ ಅಳೆಯುವ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಎನಾಮಲ್‌ನಿಂದ ಖನಿಜ ಕರಗತೊಡಗುತ್ತದೆ. ಸ್ವಲ್ಪ ಹೊತ್ತಿಗೆ ಜೊಲ್ಲು ಆ ಹುಳಿಯನ್ನು ತೊಳೆದು, ಕಳೆದ ಖನಿಜವನ್ನು ಮತ್ತೆ ತುಂಬುತ್ತದೆ. ಈ ಕೊಡು-ಕೊಳ್ಳುವ ವ್ಯವಹಾರ ದಿನವಿಡೀ ನಡೆಯುತ್ತದೆ. ದಿನಕ್ಕೆ ಆರೇಳು ಸಲ ಸಿಹಿ ಚಹಾ ಕುಡಿದರೆ ಜೊಲ್ಲಿಗೆ ತುಂಬುವ ಪುರುಸೊತ್ತೇ ಸಿಗುವುದಿಲ್ಲ. ಹಿಂಡಿ, ನುಚ್ಚು ಅತಿಯಾಗಿ ತಿಂದ ಹಸುವಿನ ಹೊಟ್ಟೆ ಹುಳಿಯಾಗುತ್ತದಲ್ಲ, ಹಾಗೆಯೇ ಇದು.

ಎಸ್‌ಎನ್‌ಎಫ್ ಒಳಗಿನ ಮದ್ದು

ಈಗ ನಿಮ್ಮ ಹಾಲಿಗೆ ಬರೋಣ. ಸಂಘದಲ್ಲಿ ಹಾಲು ಪರೀಕ್ಷೆ ಮಾಡಿದಾಗ ಚೀಟಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ ಎಂದು ಬರುತ್ತದೆ. ಹಸುವಿನ ಹಾಲಿನ ಎಸ್‌ಎನ್‌ಎಫ್ 8.5 ಎಂದಾದರೆ ಅದರಲ್ಲಿ ಹಾಲಿನ ಸಕ್ಕರೆ ಐದಕ್ಕೆ ಸ್ವಲ್ಪ ಕಡಿಮೆ, ಪ್ರೋಟೀನ್ ಮೂರಕ್ಕೆ ಸ್ವಲ್ಪ ಹೆಚ್ಚು, ಉಳಿದದ್ದು ಖನಿಜ. ಆ ಪ್ರೋಟೀನಿನಲ್ಲಿ ನೂರಕ್ಕೆ 80 ಪಾಲು ಕೇಸೀನ್. ಹೆಪ್ಪು ಹಾಕಿದಾಗ ಗಟ್ಟಿಯಾಗುವುದು, ಹಾಲು ಒಡೆದಾಗ ಗಿಣ್ಣದ ಹಾಗೆ ಬೇರ್ಪಡುವುದು ಇದೇ. ಹತ್ತು ಲೀಟರ್ ಹಸುವಿನ ಹಾಲಿನಲ್ಲಿ ಕಾಲು ಕಿಲೋದಷ್ಟು ಕೇಸೀನ್ ಇರುತ್ತದೆ.

ಒಂದು ಲೀಟರ್ ಹಸುವಿನ ಹಾಲಿನಲ್ಲಿ ಒಂದು ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಎಮ್ಮೆ ಹಾಲಿನಲ್ಲಿ ಇನ್ನೂ ಹೆಚ್ಚು. ಅಷ್ಟು ಕ್ಯಾಲ್ಸಿಯಂ ಮತ್ತು ರಂಜಕವನ್ನು ಬರೀ ನೀರಿನಲ್ಲಿ ಹಾಕಿದರೆ ಸುಣ್ಣದಂತೆ ತಳ ಹಿಡಿಯುತ್ತದೆ. ಕೆಚ್ಚಲಿನೊಳಗೆ ಹಾಗಾದರೆ ಹಾಲಿನ ಬದಲು ಕಲ್ಲು ಕಟ್ಟುತ್ತಿತ್ತು. ಹಾಗಾಗದಂತೆ ಕೇಸೀನ್ ಆ ಖನಿಜಗಳನ್ನು ತನ್ನ ಮಡಿಲಲ್ಲಿ ಹಿಡಿದುಕೊಂಡು ತೇಲಿಸುತ್ತದೆ. ಕರುವಿನ ಎಲುಬು, ಹಲ್ಲು ಬೆಳೆಯುವುದು ಈ ಉಪಾಯದಿಂದ.

ಆಸ್ಟ್ರೇಲಿಯಾದ ಮೆಲ್ಬರ್ನ್ ವಿಶ್ವವಿದ್ಯಾಲಯದ ಎರಿಕ್ ರೇನಾಲ್ಡ್ಸ್ ಎಂಬ ವಿಜ್ಞಾನಿ ಮತ್ತು ಅವರ ತಂಡ ಈ ಗುಣವನ್ನೇ ಬಳಸಿಕೊಂಡರು. ಹೊಟ್ಟೆಯಲ್ಲಿ ಆಹಾರ ಅರಗಿಸುವಂಥ ಕಿಣ್ವದಿಂದ ಕೇಸೀನನ್ನು ತುಂಡು ಮಾಡಿ, ಖನಿಜ ಹಿಡಿಯುವ ತುಂಡುಗಳನ್ನಷ್ಟೇ ಬೇರ್ಪಡಿಸಿದರು. ಆ ತುಂಡುಗಳಿಗೆ ಕ್ಯಾಲ್ಸಿಯಂ-ರಂಜಕ ತುಂಬಿ ಹಲ್ಲಿಗೆ ಹಚ್ಚಿದರೆ, ಅವು ಹಲ್ಲಿನ ಮೇಲ್ಮೈಗೆ ಅಂಟಿಕೊಂಡು ಬಾಯಿ ಹುಳಿಯಾದಾಗ ಖನಿಜವನ್ನು ಬಿಟ್ಟುಕೊಡುತ್ತವೆ. ಅದರ ಹೆಸರು ಸಿಪಿಪಿ-ಎಸಿಪಿ. ಜಪಾನಿನ ಜಿಸಿ ಕಂಪನಿಯ ಟೂತ್ ಮೂಸ್ ಎಂಬ ಕ್ರೀಮಿನಲ್ಲಿ ಇರುವುದು ಇದೇ. ದಂತವೈದ್ಯರು ಇದನ್ನು ಹುಳುಕಿನ ಮೊದಲ ಗುರುತಾದ ಬಿಳಿ ಮಚ್ಚೆಗೆ, ಜುಮ್ಮೆನ್ನುವ ಹಲ್ಲಿಗೆ ಕೊಡುತ್ತಾರೆ. ಬ್ರಷ್ ಮಾಡಿದ ಮೇಲೆ ತೆಳ್ಳಗೆ ಹಚ್ಚಿ ಕೆಲವು ನಿಮಿಷ ಬಿಟ್ಟು ಉಗುಳುವುದು, ಆಮೇಲೆ ಅರ್ಧ ತಾಸು ಏನೂ ತಿನ್ನದಿರುವುದು ಇದರ ಕ್ರಮ. ಹಾಲಿನ ಪ್ರೋಟೀನ್ ಮೈಗೆ ಆಗದವರು, ಅಂದರೆ ಹಾಲು ಕುಡಿದರೆ ದದ್ದು, ಉಬ್ಬಸ ಬರುವವರು ಇದನ್ನು ಮುಟ್ಟಬಾರದು.

"ಹಂಗಾರ ಹಾಲು ಕುಡಿದ್ರ ಹಲ್ಲಿನ ತೂತು ಮುಚ್ಚತೈತೇನ್ರೀ?" ಎಂದು ಕೇಳಿದರೆ, ಇಲ್ಲ. ಹಾಲು ಹಲ್ಲಿಗೆ ಒಳ್ಳೆಯದು, ಹುಳುಕು ತಡೆಯಲು ನೆರವಾಗುತ್ತದೆ, ಆದರೆ ಆಗಿಹೋದ ತೂತನ್ನು ಅದು ತುಂಬುವುದಿಲ್ಲ. ಮೊಸರು, ಮಜ್ಜಿಗೆ ಹುಳಿಯಾದರೂ ಅವುಗಳಲ್ಲೇ ಕ್ಯಾಲ್ಸಿಯಂ, ರಂಜಕ ಇರುವುದರಿಂದ ನಿಂಬೆಹಣ್ಣು, ಸೋಡಾದಂತೆ ಹಲ್ಲನ್ನು ಕರಗಿಸುವುದಿಲ್ಲ. ನೆನಪಿಡಬೇಕಾದ್ದು ಇನ್ನೊಂದು: ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಮಗುವಿನ ಬಾಯಲ್ಲಿಟ್ಟು ರಾತ್ರಿ ಮಲಗಿಸಿದರೆ ಮುಂದಿನ ಹಲ್ಲುಗಳೆಲ್ಲ ಕಪ್ಪಾಗಿ ಉದುರುತ್ತವೆ.

ಗಾಜಿನ ಪುಡಿಯೂ ಮದ್ದಾಯಿತು

ಎರಡನೆಯ ಮದ್ದಿನ ಕತೆ ಅಮೆರಿಕದ್ದು. 1967ರಲ್ಲಿ ಲ್ಯಾರಿ ಹೆಂಚ್ ಎಂಬ ಪ್ರಾಧ್ಯಾಪಕರು ಬಸ್ಸಿನಲ್ಲಿ ಸಮ್ಮೇಳನಕ್ಕೆ ಹೊರಟಿದ್ದಾಗ, ಪಕ್ಕದಲ್ಲಿದ್ದ ಸೇನಾಧಿಕಾರಿ ವಿಯೆಟ್ನಾಂ ಯುದ್ಧದಿಂದ ಬಂದವರು. ಸೈನಿಕರ ಮುರಿದ ಎಲುಬಿಗೆ ಹಾಕುವ ಲೋಹ, ಪ್ಲಾಸ್ಟಿಕ್ ಮೈಗೆ ಒಗ್ಗುವುದಿಲ್ಲ, ಮೈ ಒಪ್ಪುವ ವಸ್ತು ಮಾಡಲು ಆಗದೇ ಎಂದು ಅವರು ಕೇಳಿದರು. 1969ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ ಹೆಂಚ್ ಒಂದು ವಿಶೇಷ ಗಾಜು ಮಾಡಿದರು. ಸಿಲಿಕಾ, ಕ್ಯಾಲ್ಸಿಯಂ, ಸೋಡಿಯಂ ಮತ್ತು ರಂಜಕ ಸೇರಿದ ಗಾಜು. ಅದು ಎಲುಬಿಗೆ ಬೆಸೆದುಕೊಂಡಿತು. ಹೀಗೆ ಮೈಯ ಜೊತೆ ಕೂಡಿ ಕೆಲಸ ಮಾಡುವ ವಸ್ತುಗಳಿಗೆ ಜೈವಿಕ ಸಕ್ರಿಯ ವಸ್ತುಗಳು ಎನ್ನುತ್ತಾರೆ.

ಅದೇ ಗಾಜಿನ ನುಣ್ಣನೆಯ ಪುಡಿ ಈಗ ಕೆಲವು ಟೂತ್‌ಪೇಸ್ಟುಗಳಲ್ಲಿದೆ. ಟ್ಯೂಬಿನ ಹಿಂದೆ "ಕ್ಯಾಲ್ಸಿಯಂ ಸೋಡಿಯಂ ಫಾಸ್ಫೋಸಿಲಿಕೇಟ್" ಅಥವಾ "ನೊವಾಮಿನ್" ಎಂದು ಬರೆದಿರುತ್ತದೆ. ಜೊಲ್ಲು ತಾಕಿದ ಕೂಡಲೇ ಪುಡಿಯಿಂದ ಕ್ಯಾಲ್ಸಿಯಂ, ರಂಜಕ ಹೊರಬಂದು, ಹಲ್ಲಿನ ಖನಿಜವನ್ನೇ ಹೋಲುವ ಪದರವಾಗಿ ಕೊಳವೆಗಳ ಬಾಯಿಗೆ ಬಿರಡೆ ಹಾಕುತ್ತದೆ. ಗಾಜು ಎಂದರೆ ಒಡೆದ ಬಾಟಲಿಯ ಗಾಜಲ್ಲ. ಮನೆಯಲ್ಲಿ ಯಾರೂ ಪ್ರಯೋಗ ಮಾಡಬೇಡಿ.

ಹಲ್ಲು ಜುಮ್ಮೆನ್ನುವವರಿಗೆಂದೇ ಅಂಗಡಿಯಲ್ಲಿ ಸಿಗುವ ಇನ್ನೂ ಹಲವು ಪೇಸ್ಟುಗಳಲ್ಲಿ ಪೊಟ್ಯಾಸಿಯಂ ನೈಟ್ರೇಟ್ ಇರುತ್ತದೆ. ಅದು ಬಾಯಿ ಮುಚ್ಚುವುದಿಲ್ಲ, ಒಳಗಿನ ನರವನ್ನು ಸುಮ್ಮನಾಗಿಸುತ್ತದೆ. ಯಾವುದೇ ಆಗಲಿ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಎರಡು ದಿನ ಹಚ್ಚಿ "ಏನೂ ಆಗಲಿಲ್ಲ" ಎಂದು ಬಿಡಬೇಡಿ. ನಿಲ್ಲಿಸಿದರೆ ಜುಮ್ಮೆನ್ನುವುದು ಮರಳಲೂಬಹುದು.

ತೂತಿಗೆ ತುಂಬುವ ಸಿಮೆಂಟು

ಹಲ್ಲಿನಲ್ಲಿ ತೂತೇ ಬಿದ್ದಿದ್ದರೆ ಪೇಸ್ಟಿನಿಂದ ಆಗದು, ತುಂಬಿಸಲೇಬೇಕು. ಅದಕ್ಕೂ ಒಳ್ಳೆಯ ವಸ್ತುಗಳಿವೆ. ಗ್ಲಾಸ್ ಅಯಾನೊಮರ್ ಎಂಬ ಸಿಮೆಂಟು 1970ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ಬಂದದ್ದು. ಅದು ಹಲ್ಲಿಗೆ ತಾನೇ ಅಂಟಿಕೊಳ್ಳುತ್ತದೆ, ಸುತ್ತಲಿನ ಹಲ್ಲಿಗೆ ಫ್ಲೋರೈಡ್ ಬಿಡುತ್ತದೆ. ಎಷ್ಟೋ ಸಲ ಮಷಿನ್ ಇಲ್ಲದೆ, ಕೈ ಉಪಕರಣದಿಂದಲೇ ಹುಳುಕು ಕೆರೆದು ಇದನ್ನು ತುಂಬಬಹುದು. "ಗಿರ್ರ್ ಅನ್ನೋ ಮಷಿನ್ ಹೆದರಿಕೆ" ಎಂದು ಹೋಗದೆ ಕುಳಿತವರು ಈ ಮಾತನ್ನು ದಂತವೈದ್ಯರಿಗೇ ಕೇಳಿ.

ಹುಳುಕು ಆಳಕ್ಕೆ ಹೋಗಿ ನರದ ಹತ್ತಿರ ಬಂದಿದ್ದರೆ ಎಂಟಿಎ ಎಂಬ ಇನ್ನೊಂದು ಸಿಮೆಂಟಿದೆ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದನ್ನು ರೂಪಿಸಿದವರು ಮಹಮೂದ್ ತೊರಾಬಿನೆಜಾದ್. ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟಿನದೇ ವಂಶ, ಆದರೆ ಔಷಧಕ್ಕೆಂದು ಶುದ್ಧ ಮಾಡಿದ್ದು. ಹಸಿ ಜಾಗದಲ್ಲೂ ಗಟ್ಟಿಯಾಗಿ, ಒಳಗಿನ ಜೀವಂತ ತಿರುಳು ತನ್ನ ಮೇಲೆ ತಾನೇ ಹೊಸ ಡೆಂಟಿನ್ ಗೋಡೆ ಕಟ್ಟಿಕೊಳ್ಳಲು ಅನುವು ಮಾಡಿಕೊಡುತ್ತದೆ. ಕೀಳುವುದೇ ಗತಿ ಎನ್ನುತ್ತಿದ್ದ ಎಷ್ಟೋ ಹಲ್ಲುಗಳು ಇದರಿಂದ ಉಳಿಯುತ್ತವೆ. ಆದರೆ ಬೇಗ ಹೋಗಬೇಕು.

ನಮ್ಮ ಭಾಗದಲ್ಲಿ ಹಲ್ಲು ಕೆಡಿಸುವ ರೂಢಿಗಳು

- ಬೂದಿ, ಇದ್ದಿಲು, ಇಟ್ಟಂಗಿ ಪುಡಿ, ಹರಳುಪ್ಪು: ಇವು ಹಲ್ಲನ್ನು ಬೆಳ್ಳಗೆ ಮಾಡುವುದು ಎನಾಮಲನ್ನು ಉಜ್ಜಿ ತೆಗೆದು. ಪಾತ್ರೆ ತಿಕ್ಕುವ ವಸ್ತು ಹಲ್ಲಿಗೆ ಬೇಡ. ಬೇವಿನ ಕಡ್ಡಿ ಆಗಬಹುದು, ಆದರೆ ತುದಿ ಚೆನ್ನಾಗಿ ಜಗಿದು ಮೆತ್ತಗೆ ಮಾಡಿಕೊಳ್ಳಿ, ಒಸಡಿಗೆ ಚುಚ್ಚಬೇಡಿ.
- ಮಿಶ್ರಿ, ತಂಬಾಕಿನ ಪುಡಿ: ನೋವು ಕಡಿಮೆಯಾಗುತ್ತದೆ ಎಂದು ಒಸಡಿಗೆ ತಿಕ್ಕುವವರು ಇನ್ನೂ ಇದ್ದಾರೆ. ತಂಬಾಕು ಬೆರೆಸಿದ ಹಲ್ಲುಪುಡಿ, ಪೇಸ್ಟನ್ನು ನಮ್ಮ ದೇಶದಲ್ಲಿ 1992ರಲ್ಲೇ ನಿಷೇಧಿಸಲಾಗಿದೆ. ಅದು ಒಸಡನ್ನು ಸರಿಸುತ್ತದೆ, ಬಾಯಿ ಕ್ಯಾನ್ಸರಿಗೆ ದಾರಿ ಮಾಡುತ್ತದೆ.
- ಎಲೆ-ಅಡಿಕೆ: ಸವಣೂರಿನ ಎಲೆಗೆ ಹೆಸರಿದೆ, ಎಲೆಯ ಮೇಲೆ ತಕರಾರಿಲ್ಲ. ಗಟ್ಟಿ ಅಡಿಕೆ ಕಡಿದು ಕಡಿದು ದವಡೆ ಹಲ್ಲು ಸವೆಯುತ್ತದೆ, ಬಿರುಕು ಬಿಡುತ್ತದೆ. ತಂಬಾಕು ಇಲ್ಲದಿದ್ದರೂ ಅಡಿಕೆಯೊಂದೇ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿದೆ.
- ಹುಳಿ ತಿಂದ ಕೂಡಲೇ ತಿಕ್ಕುವುದು: ಹುಣಸೆ, ಮಾವಿನಕಾಯಿ, ನಿಂಬೆಹಣ್ಣು ತಿಂದಾಗ ಎನಾಮಲ್ ಮೆತ್ತಗಾಗಿರುತ್ತದೆ. ಬರೀ ನೀರಿನಲ್ಲಿ ಮುಕ್ಕಳಿಸಿ, ಅರ್ಧ ತಾಸು ಬಿಟ್ಟು ಬ್ರಷ್ ಮಾಡಿ.
- ಬಿರುಸಿನ ಬ್ರಷ್: ಬಿರುಗೂದಲ ಬ್ರಷ್‌ನಿಂದ ಅಡ್ಡಡ್ಡ ತಿಕ್ಕಿದರೆ ಒಸಡು ಸರಿದು ಬೇರು ಬಯಲಾಗುತ್ತದೆ. ಹಸುವಿನ ಕೆಚ್ಚಲು ತೊಳೆಯುವಷ್ಟು ಹಗುರ ಕೈಯಿಂದ ನಿಮ್ಮ ಹಲ್ಲನ್ನೂ ತೊಳೆಯಿರಿ.

ಬಸುರಿ, ಬಾಣಂತಿಯರಿಗೆ

"ಒಂದು ಕೂಸಿಗೆ ಒಂದು ಹಲ್ಲು ಹೋಗತೈತಿ" ಎಂಬ ಮಾತು ಹಿರಿಯರಲ್ಲಿದೆ. ಅದು ನಿಜವಲ್ಲ. ಹೊಟ್ಟೆಯ ಕೂಸು ತಾಯಿಯ ಹಲ್ಲಿನಿಂದ ಕ್ಯಾಲ್ಸಿಯಂ ಎಳೆದುಕೊಳ್ಳುವುದಿಲ್ಲ. ಬಸುರಿಯಲ್ಲಿ ಒಸಡು ಬೇಗ ಊದಿ ರಕ್ತ ಬರುತ್ತದೆ, ಪದೇ ಪದೇ ವಾಂತಿಯಾದರೆ ಹೊಟ್ಟೆಯ ಹುಳಿ ಹಲ್ಲನ್ನು ಕರಗಿಸುತ್ತದೆ. ವಾಂತಿಯಾದ ಕೂಡಲೇ ಬ್ರಷ್ ಬೇಡ. ಒಂದು ಲೋಟ ನೀರಿಗೆ ಚಿಟಿಕೆ ಅಡುಗೆ ಸೋಡಾ ಹಾಕಿ ಮುಕ್ಕಳಿಸಿ. ಬಸುರಿಯಲ್ಲಿ ಹಲ್ಲಿನ ಚಿಕಿತ್ಸೆ ಮಾಡಿಸಬಾರದು ಎಂಬುದೂ ತಪ್ಪು ತಿಳಿವಳಿಕೆ. ನಾಲ್ಕರಿಂದ ಆರನೆಯ ತಿಂಗಳು ಅದಕ್ಕೆ ಅನುಕೂಲದ ಕಾಲ. ಬಸುರಿ ಎಂದು ದಂತವೈದ್ಯರಿಗೆ ಮೊದಲೇ ಹೇಳಿ.

ಯಾವಾಗ ದಂತವೈದ್ಯರ ಬಳಿ ಹೋಗಬೇಕು?

ತಣ್ಣೀರು ತಾಕಿದಾಗ ಜುಮ್ ಎಂದು ಕೂಡಲೇ ನಿಂತರೆ, ಒಂದು ತಿಂಗಳು ಪೇಸ್ಟ್ ಬದಲಿಸಿ ನೋಡಬಹುದು. ಈ ಕೆಳಗಿನದು ಯಾವುದಾದರೂ ಇದ್ದರೆ ಕಾಯಬೇಡಿ:

- ತಣ್ಣೀರು ಕುಡಿದ ಮೇಲೆ ನೋವು ಬಹಳ ಹೊತ್ತು ಉಳಿಯುವುದು
- ಬಿಸಿ ತಾಕಿದರೆ ನೋವು, ರಾತ್ರಿ ನಿದ್ದೆ ಕೆಡಿಸುವ ನೋವು
- ಕಂದು ಅಥವಾ ಕಪ್ಪು ತೂತು, ಊಟ ಸಿಕ್ಕಿಕೊಳ್ಳುವುದು
- ಒಂದೇ ಹಲ್ಲು ನೋಯುವುದು, ಕಡಿದಾಗ ಚುಚ್ಚಿದಂತಾಗುವುದು
- ಒಸಡಿನಲ್ಲಿ ಕೀವು, ಕೆನ್ನೆ ಬಾವು, ಜ್ವರ
- ಎರಡು ವಾರದಲ್ಲಿ ಮಾಯದ ಬಾಯಿ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ

ಅಂಗಡಿಯ ನೋವಿನ ಗುಳಿಗೆ ನುಂಗಿ ದಿನ ದೂಡುವುದೆಂದರೆ, ಕೆಚ್ಚಲು ಬಾವಿಗೆ ಬರೀ ಬಿಸಿನೀರಿನ ಶಾಖ ಕೊಟ್ಟು ಸುಮ್ಮನಿದ್ದಂತೆ. ನೋವು ತಗ್ಗುತ್ತದೆ, ರೋಗ ಒಳಗೆ ಬೆಳೆಯುತ್ತದೆ. ಸಣ್ಣ ತೂತು ತುಂಬಿಸಲು ಒಂದು ಭೇಟಿ ಸಾಕು. ಅದನ್ನೇ ಬಿಟ್ಟರೆ ಬೇರಿನ ಚಿಕಿತ್ಸೆ, ಮೇಲೆ ಕ್ಯಾಪ್, ಹಲವು ಭೇಟಿ, ಹಲವು ಪಟ್ಟು ಖರ್ಚು.

ಮೊದಲು ತಾಲೂಕು ಆಸ್ಪತ್ರೆಯ ದಂತ ವಿಭಾಗಕ್ಕೆ ಹೋಗಿ. ವೈದ್ಯರು ಯಾವ ದಿನ ಸಿಗುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡರೆ ಹಾದಿಖರ್ಚು ಉಳಿಯುತ್ತದೆ. ದೊಡ್ಡ ಚಿಕಿತ್ಸೆ ಬೇಕಾದರೆ ಶಿಗ್ಗಾವಿ, ಸವಣೂರು, ಹಾನಗಲ್ ಕಡೆಯವರಿಗೆ ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಕಾಲೇಜು, ಹಿರೇಕೆರೂರಿನವರಿಗೆ ದಾವಣಗೆರೆಯ ದಂತ ಕಾಲೇಜುಗಳಿವೆ. ಹಲ್ಲು ಪೂರ್ತಿ ಹೋದ ಬಿಪಿಎಲ್ ಕುಟುಂಬದ ಹಿರಿಯರಿಗೆ ಹಲ್ಲಿನ ಸೆಟ್ ಕೊಡಿಸಲು ಸರ್ಕಾರ 2014ರಲ್ಲಿ ದಂತಭಾಗ್ಯ ಯೋಜನೆ ತಂದಿತು. ಈಗಿನ ನಿಯಮವನ್ನು ಆಸ್ಪತ್ರೆಯಲ್ಲೇ ವಿಚಾರಿಸಿ.

ಈ ತಿಂಗಳಿಂದಲೇ ಮಾಡಬಹುದಾದ್ದು

1. ಮನೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಮೆತ್ತನೆಯ ಬ್ರಷ್, ಫ್ಲೋರೈಡ್ ಇರುವ ಪೇಸ್ಟ್. ಹಾಲಿನ ಕ್ರೀಮ್, ಗಾಜಿನ ಪುಡಿ ಎಷ್ಟೇ ಹೊಸದಾದರೂ ಹುಳುಕು ತಡೆಯುವಲ್ಲಿ ಫ್ಲೋರೈಡಿನ ಜಾಗ ತುಂಬುವುದಿಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಪೇಸ್ಟ್ ಸಾಕು.
2. ಬೆಳಿಗ್ಗೆ ಒಮ್ಮೆ, ರಾತ್ರಿ ಊಟವಾದ ಮೇಲೆ ಒಮ್ಮೆ ಬ್ರಷ್. ಒಂದೇ ಸಲ ಆಗುವುದಾದರೆ ರಾತ್ರಿಯದನ್ನು ಬಿಡಬೇಡಿ. ನಿದ್ದೆಯಲ್ಲಿ ಜೊಲ್ಲು ಬತ್ತಿರುತ್ತದೆ.
3. ಊರಿನ ಬೋರ್‌ವೆಲ್ ನೀರಿನ ಫ್ಲೋರೈಡ್ ಪರೀಕ್ಷೆ ಆಗಿದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಬರುತ್ತದೆ. ಅತಿಯಾದರೆ ದನಗಳ ಹಲ್ಲೂ ಕಂದಾಗಿ ಸವೆಯುತ್ತದೆ, ಕಾಲು ಕುಂಟುತ್ತದೆ. ಅಂಥ ಹಸು-ಎಮ್ಮೆ ಕಂಡರೆ ನಮಗೆ ತಿಳಿಸಿ.
4. ಚಹಾದ ಸಕ್ಕರೆ, ಚಹಾದ ಸರದಿ ಎರಡನ್ನೂ ಕಡಿಮೆ ಮಾಡಿ.
5. ಕರೆದ ಹಾಲನ್ನೆಲ್ಲ ಕ್ಯಾನಿಗೆ ಸುರಿಯುವ ಮುನ್ನ ನಿಮಗೆಂದು ಒಂದು ಲೋಟ ತೆಗೆದಿಡಿ. ಗಂಡ, ಮಕ್ಕಳು, ಅತ್ತೆ-ಮಾವನಿಗೆ ಕೊಟ್ಟು ಉಳಿದರೆ ಎನ್ನುವ ಲೆಕ್ಕ ಬೇಡ.

ಎಮ್ಮೆ ಎಲುಬು, ಚಪ್ಪಲಿ ಕಡಿಯತೊಡಗಿದರೆ ರಂಜಕ ಕಡಿಮೆಯಾಗಿದೆ ಎಂದು ನೀವು ಖನಿಜ ಮಿಶ್ರಣ ತರುತ್ತೀರಿ. ಕರು ಹಾಕಿದ ಹಸು ಹಾಲು ಜ್ವರದಿಂದ ಕುಸಿದರೆ ಕ್ಯಾಲ್ಸಿಯಂ ಬಾಟಲಿಗೆ ಓಡುತ್ತೀರಿ. ಮುಂದಿನ ಬಟವಾಡೆಯಲ್ಲಿ ಖನಿಜ ಮಿಶ್ರಣದ ಪಾಕೀಟಿನ ಜೊತೆಗೆ ನಿಮ್ಮ ಹೆಸರಿನಲ್ಲೂ ಒಂದು ಬ್ರಷ್, ಒಂದು ಪೇಸ್ಟ್ ಬರಲಿ. ಹಲ್ಲು ನೋಯುತ್ತಿರುವವರು ಈ ಸಂಚಿಕೆ ಮಡಚಿಟ್ಟು, ಆಸ್ಪತ್ರೆಗೆ ಹೋಗುವ ದಿನವನ್ನು ಇವತ್ತೇ ಗೊತ್ತು ಮಾಡಿಕೊಳ್ಳಿ.

— ಪಶುವೈದ್ಯಾಧಿಕಾರಿ